ಆನಂದೀಬಾಯಿಯ ಎಡಗೈ ಚಾಕು

ನನ್ನ ಅತ್ತೆ ಆನಂದೀಬಾಯಿ ಹೆಚ್ಚಿದ ಬದನೆಕಾಯಿ ನೋಡಿದವರು, ಅವರಿಗೆ ಕಣ್ಣು ಕಾಣುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ನಾನೂ ನಂಬಿರಲಿಲ್ಲ. ೧೯೬೨ರಲ್ಲಿ ಮದುವೆಯಾಗಿ ತಿಕೋಟಾದಿಂದ ವಿಜಾಪುರದ ಜೋರಾಪುರ ಪೇಟೆಗೆ ಬಂದ ಮೊದಲ ವಾರ, ಈ ಮುದುಕಿ ಕಾಣದವಳಂತೆ ನಟಿಸಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದೇ ತಿಳಿದಿದ್ದೆ. ನನಗೆ ಆಗ ಹತ್ತೊಂಬತ್ತು. ಮ್ಯಾಟ್ರಿಕ್ ಪಾಸಾಗಿದ್ದೆ, ಹೀಗಾಗಿ ಜಗತ್ತೆಲ್ಲ ನನಗಿಂತ ದಡ್ಡ ಎಂಬ ಭಾವನೆ.

ಅವರ ಕಣ್ಣು ಹೋಗಿ ಆಗಲೇ ಐದಾರು ವರ್ಷವಾಗಿತ್ತು. ಒಲೆ ಹಚ್ಚುವುದು, ನೀರು ಸೇದುವುದು, ರೊಟ್ಟಿ ಬಡಿಯುವುದು ಒಂದೊಂದಾಗಿ ಕೈಬಿಟ್ಟು ಹೋಗಿದ್ದವು. ಉಳಿದದ್ದು ಕಾಯಿಪಲ್ಯ ಹೆಚ್ಚುವ ಕೆಲಸವೊಂದೇ. ಬೆಳಿಗ್ಗೆ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಮಣೆ ಮುಂದಿಟ್ಟುಕೊಂಡು, "ಹೀರಾ, ಇವತ್ತೇನೈತಿ?" ಎಂದು ನನ್ನನ್ನು ಕೂಗಿದರೆ ನಮ್ಮ ಮನೆಯ ದಿನ ಶುರುವಾದಂತೆ. ಓಣಿಯಲ್ಲಿ ಯಾರದಾದರೂ ಮದುವೆ ಇದ್ದರೆ ಬುಟ್ಟಿಗಟ್ಟಲೆ ಕಾಯಿಪಲ್ಯ ಅವರ ಮುಂದೆ ಬಂದು ಬೀಳುತ್ತಿತ್ತು. ಆ ದಿನ ಅವರ ಗತ್ತು ನೋಡಬೇಕಿತ್ತು. ನನ್ನ ಗಂಡ ಪ್ರಲ್ಹಾದರು ಕಚೇರಿಗೆ ಹೊರಟು ನಿಂತು ಕರೆದರೂ ಓಗೊಡುತ್ತಿರಲಿಲ್ಲ.

ಊರೆಲ್ಲ ಈಳಿಗೆಯ ಮೇಲೆ ಹೆಚ್ಚುತ್ತಿದ್ದ ಕಾಲವದು. ಅತ್ತೆಯದು ಮಾತ್ರ ಚಾಕು. ಅವರು ಹುಟ್ಟಾ ಎಡಚಿ. ಉಣ್ಣುವುದು, ಬಡಿಸುವುದು, ಕುಂಕುಮ ಹಚ್ಚುವುದನ್ನೆಲ್ಲ ಹಿರಿಯರು ಹೊಡೆದು ಬಡಿದು ಬಲಗೈಗೆ ತಂದಿದ್ದರು. ಹೆಚ್ಚುವುದನ್ನು ಮಾತ್ರ ಯಾರಿಂದಲೂ ತಿದ್ದಲಾಗಲಿಲ್ಲ. ಹಿಂದೊಮ್ಮೆ ತವರು ಬಬಲೇಶ್ವರಕ್ಕೆ ಹೋದಾಗ ಅಲ್ಲಿಯ ಕಮ್ಮಾರ ಗುಡುಸಾಬ, ಮುರಿದ ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ ಬಡಿದು ಈ ಚಾಕು ಮಾಡಿಕೊಟ್ಟಿದ್ದನಂತೆ. ಅಪ್ಪಟ ಉಕ್ಕು, ಜಾಲಿಯ ಹಿಡಿಕೆ. ಬಳಸಿ ಬಳಸಿ ಅಲಗಿಗೆ ಕಪ್ಪು ಬಂದಿತ್ತು. ಬಿಸಿಲಿಗೆ ಹಿಡಿದರೆ ಪಾರಿವಾಳದ ಕೊರಳಿನ ಬಣ್ಣ.

ಅದಕ್ಕೆ ನಡೆಯುತ್ತಿದ್ದ ಉಪಚಾರ ಸೊಸೆಯಾದ ನನಗೂ ನಡೆಯುತ್ತಿರಲಿಲ್ಲ ಎಂದು ಆಗ ಉರಿದುಕೊಳ್ಳುತ್ತಿದ್ದೆ. ನಿಂಬೆ, ಮಾವಿನಕಾಯಿ ಹೆಚ್ಚಿದರೆ ಹುಳಿ ಆರುವ ಮೊದಲೇ ಒರೆಸಬೇಕು. ಮುಸುರೆ ಪಾತ್ರೆಗಳ ಜೊತೆ ನೀರಲ್ಲಿ ಹಾಕಿದರೆ ಮನೆಯಲ್ಲಿ ರಾದ್ಧಾಂತ. ತೊಳೆದ ಕೂಡಲೇ ಒಣ ಅರಿವೆಯಿಂದ ಒರೆಸಿ, ಒಲೆಯ ಬಳಿ ಬೆಚ್ಚಗೆ ಮಾಡಿ, ಎರಡು ಹನಿ ಕುಸುಬಿ ಎಣ್ಣೆ ಸವರಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಗೋಡೆಯ ಮಾಡದಲ್ಲಿ ಇಡಬೇಕು. ವಾರಕ್ಕೊಮ್ಮೆ ಅತ್ತೆಯೇ ಹಿತ್ತಲ ಕಲ್ಲಿನ ಮೇಲೆ ನಿಧಾನವಾಗಿ ಮಸೆಯುತ್ತಿದ್ದರು. ಆ ಸರ್ ಸರ್ ಸದ್ದು, ಕುಸುಬಿ ಎಣ್ಣೆಯ ಆ ವಾಸನೆ! ಈಗಿನ ನನ್ನ ಅಡುಗೆಮನೆಯಲ್ಲಿ ತುಕ್ಕು ಹಿಡಿಯದ ಚಾಕು ನಾಲ್ಕಿವೆ. ಒಂದಕ್ಕೂ ವಾಸನೆಯಿಲ್ಲ, ಒಂದರ ಮೇಲೂ ನನಗೆ ಪ್ರೀತಿಯಿಲ್ಲ.

ಮರುವರ್ಷ ದಸರೆಗೆ ಅತ್ತೆ ಮನೆಯಲ್ಲಿರಲಿಲ್ಲ. ಸಾರವಾಡದಲ್ಲಿದ್ದ ಅವರ ತಂಗಿಗೆ ಆರಾಮಿಲ್ಲವೆಂದು ಅವರನ್ನು ಕರೆದೊಯ್ದಿದ್ದರು. ಹೋಗುವಾಗ ಒಂದೇ ಮಾತು ಹೇಳಿದ್ದರು: "ಖಂಡೇನವಮಿಗೆ ನನ್ನ ಚಾಕು ಪೂಜಿಗೆ ಇಡೂದು ಮರೀಬ್ಯಾಡ, ಯವ್ವಾ."

ಮರೆಯಲಿಲ್ಲ. ಅತಿಯಾಗಿ ನೆನಪಿಟ್ಟೆ. ಹಬ್ಬಕ್ಕೆಂದು ತಾಮ್ರ ಹಿತ್ತಾಳೆಯ ಸಾಮಾನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಿದ್ದೆ. ಥಳಥಳ ಹೊಳೆಯುವ ಕೊಡಗಳ ನಡುವೆ ಆ ಕರಿ ಚಾಕು ಕಣ್ಣಿಗೆ ಚುಚ್ಚಿತು. ದೇವರ ಮುಂದೆ ಇಂಥ ಕೊಳಕು ಚಾಕು ಇಡುವುದೇ? ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದೆ, ತಿಕ್ಕಿದೆ, ಬೆಳ್ಳಿಯಂತಾಯಿತು. ಒರೆಸುವುದನ್ನು ಮರೆತು ಹಸಿ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟೆ. ಪೂಜೆಗಿಟ್ಟ ಕಬ್ಬಿಣವನ್ನು ದಶಮಿಯವರೆಗೆ ಯಾರೂ ಕದಲಿಸುವುದಿಲ್ಲ.

ದಶಮಿಯ ಬೆಳಿಗ್ಗೆ ಎತ್ತಿ ನೋಡಿದರೆ ಅಲಗಿನ ಉದ್ದಕ್ಕೂ ಕೆಂಪು ತುಕ್ಕು. ಸಂಜೆಗೆ ಅತ್ತೆ ಬರುವವರಿದ್ದರು. ಸೆರಗಿನಲ್ಲಿ ಮುಚ್ಚಿಕೊಂಡು ಪೇಟೆಯ ಮೂಲೆಯಲ್ಲಿ ಸಾಣೆಚಕ್ರ ಇಟ್ಟುಕೊಂಡಿದ್ದ ಬುಡ್ಡೇಸಾಬನ ಬಳಿ ಓಡಿದೆ. ಅವನು ಕಿಡಿ ಹಾರಿಸಿ ತುಕ್ಕೆಲ್ಲ ತೆಗೆದು ಅಲಗಿಗೆ ಹೊಸ ಹರಿತ ಬಾಯಿ ಹಾಕಿಕೊಟ್ಟ. ಎಣ್ಣೆ ಸವರಿ, ಅದೇ ಧೋತರದ ತುಂಡಿನಲ್ಲಿ ಸುತ್ತಿ, ಏನೂ ಆಗದವಳಂತೆ ಮಾಡದಲ್ಲಿಟ್ಟೆ.

ಮರುದಿನ ಅತ್ತೆ ಸೌತೆಕಾಯಿಗೆ ಚಾಕು ಹಚ್ಚಿದರು. ಮೂರನೆಯ ಹೋಳಿಗೇ ಚಾಕು ಪಕ್ಕಕ್ಕೆ ಜಾರಿ ಬೆರಳು ಕೊಯ್ದಿತು. ಕಣ್ಣು ಹೋದ ಮೇಲೆ ಅವರು ಒಮ್ಮೆಯೂ ಬೆರಳು ಕೊಯ್ದುಕೊಂಡವರಲ್ಲ. ನಾನು ಅರಿಷಿಣ ತಂದು ಒತ್ತಿದೆ. ಅದರ ಮರುದಿನ ಬದನೆಕಾಯಿ ಹೆಚ್ಚಲು ಹೋಗಿ ಮತ್ತೆ ಕೊಯ್ದುಕೊಂಡರು. ಹೋಳುಗಳೋ ಒಂದು ದಪ್ಪ, ಒಂದು ತೆಳು. ಅವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿ, ಮಣೆಯನ್ನು ನನ್ನ ಕಡೆ ಸರಿಸಿದರು.

"ಇನ್ನ ನೀನ ಹೆಚ್ಚಿಕೋ ಯವ್ವಾ. ಕಣ್ಣಿನ ಹಿಂದ ಕೈನೂ ಹೋದುವು."

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದೇ ಚಾಕುವಿನಿಂದ ನಾನು ಹೆಚ್ಚಿ ನೋಡಿದೆ, ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿತ್ತು. ಚಾಕುವಿನಲ್ಲಿ ದೋಷವಿಲ್ಲ, ಅತ್ತೆಯ ಕೈಯೇ ಸೋತಿದೆ ಎಂದುಕೊಂಡೆ. ನನಗೆ ನಿರಾಳವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೇ.

ಆಮೇಲೆ ಅತ್ತೆ ಬೆಳಿಗ್ಗೆ ನನ್ನನ್ನು ಕೂಗುವುದು ನಿಂತುಹೋಯಿತು. ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂಡುತ್ತಿದ್ದರು. ಓಣಿಯ ಮದುವೆಯೊಂದರ ಬುಟ್ಟಿಗಳು ಬಂದಾಗ, "ಬ್ಯಾರೆ ಕಡೆ ಒಯ್ರಿ, ನನಗ ಆಗೂದಿಲ್ಲ" ಎಂದು ತಿರುಗಿಸಿ ಕಳಿಸಿದರು. ಅರ್ಧ ರೊಟ್ಟಿ ಉಂಡು ಏಳತೊಡಗಿದರು. ಹದಿನೈದು ದಿನ ಕಳೆದ ಮೇಲೆ ಚಾಕು ನನ್ನ ಮುಂದಿಟ್ಟು, "ಇದನ್ನ ಗುಡುಸಾಬಗ ವಾಪಸ್ ಕೊಟ್ಟ ಬಾ. ಯಾರರೆ ಎಡಚಿ ಬಂದ್ರ ಕೊಡ್ಲಿ. ಸುಮ್ಮನ ಇಲ್ಲಿ ಜಂಗ ಹಿಡಿಯೂದ್ಯಾಕ?" ಎಂದರು.

ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಗುಡುಸಾಬ ಕುಲುಮೆಯ ಮುಂದೆ ಕುಡಗೋಲು ಬಡಿಯುತ್ತಿದ್ದ. ಚಾಕು ಕೈಗೆ ತೆಗೆದುಕೊಂಡವನೇ ಹುಬ್ಬು ಗಂಟಿಕ್ಕಿದ.

"ಇದನ್ನ ಬಲಗೈಗೆ ಯಾರ ತಿರುವಿದ್ರು, ತಂಗಿ? ಎಡಗೈಗಂತ ಒಂದ ಮಗ್ಗಲಷ್ಟ ಮಸದ ಕೊಟ್ಟಿದ್ದೆ. ಈಗ ಇನ್ನೊಂದ ಮಗ್ಗಲ ಮಸದ ಬಾಯಿ ಉಲ್ಟಾ ಆಗೈತಿ. ಆನಂದಕ್ಕ ಹಿಡದ್ರ ಅಡ್ಡ ಜಾರತೈತಿ. ಕೈ ಕೊಯ್ಕೊಂಡಾಳೇನು?"

ಕೊಯ್ದುಕೊಂಡರು ಎಂದೆ. ಹುಣಸೆಹಣ್ಣಿನಿಂದ ಹಿಡಿದು ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಆ ಕರೇ ಬಣ್ಣನ ಅದಕ್ಕ ಕಾವಲು. ಅದನ್ನ ತಿಕ್ಕಿ ತಗದಿ. ಇರಲಿ, ಹೆಚ್ಚಿದಂಗ ಮತ್ತ ಬರತೈತಿ" ಎಂದು ಕಲ್ಲಿನ ಮುಂದೆ ಕುಳಿತ. ಎರಡು ತಾಸು ಕೈಯಲ್ಲೇ ಮಸೆದು ಬಾಯಿಯನ್ನು ಮತ್ತೆ ಎಡಗೈಗೆ ತಂದ. ಅಲಗು ಒಂದು ಜೋಳದ ಕಾಳಿನಷ್ಟು ಸವೆದಿತ್ತು.

ಮನೆಗೆ ಬಂದಾಗ ಅತ್ತೆ ಅದೇ ಗೋಡೆಗೆ ಒರಗಿದ್ದರು. ಚಾಕು ಅವರ ಮುಂದಿಟ್ಟು, ಕಾಲು ಮುಟ್ಟಿ, ಒಂದೇ ಉಸಿರಿಗೆ ಹೇಳಿಬಿಟ್ಟೆ. ತಿಕ್ಕಿದ್ದು, ತುಕ್ಕು, ಬುಡ್ಡೇಸಾಬನ ಚಕ್ರ, ಗುಡುಸಾಬನ ಮಾತು, ಯಾವುದನ್ನೂ ಬಿಡಲಿಲ್ಲ. ಕಪಾಳಕ್ಕೆ ಬೀಳುತ್ತದೆ ಎಂದು ಕಾದೆ. ಬಿದ್ದಿದ್ದರೆ ಚೆನ್ನಾಗಿತ್ತು.

ಅತ್ತೆ ಚಾಕು ಮುಟ್ಟಲೇ ಇಲ್ಲ. ಎಡಗೈಯನ್ನು ಮುಂದೆ ಚಾಚಿ, ಬೆರಳು ಮಡಚಿ, ಬಿಚ್ಚಿ, ಬಲಗೈಯಿಂದ ಸವರಿಕೊಂಡರು.

"ಹಂಗಾದ್ರ ನನ್ನ ಕೈ ಕೆಟ್ಟಿಲ್ಲ?"

"ಇಲ್ಲ ಅತ್ತಿ."

"ಖರೇ ಹೇಳ. ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಖರೇನ ಅತ್ತಿ. ನಿಮ್ಮ ಕೈ ಚಲೋ ಅದಾವ್ರಿ. ತಪ್ಪೆಲ್ಲಾ ನಂದು."

ಕಾಣದ ಆ ಕಣ್ಣಿನಿಂದ ನೀರು ಇಳಿಯಿತು, ಬಾಯಿ ನಗುತ್ತಿತ್ತು. "ಹುಚ್ಚಿ, ಇಷ್ಟ ಹೇಳಾಕ ಹದಿನೈದ ದಿನ ಬೇಕಾತೇನ?" ಎಂದು ನನ್ನ ತಲೆ ಸವರಿ, ಮಣೆ ಎಳೆದುಕೊಂಡರು. "ಮನ್ಯಾಗ ಏನೈತಿ, ಎಲ್ಲಾ ತಾ."

ಆ ಸಂಜೆ ಬುಟ್ಟಿಯಲ್ಲಿದ್ದ ಬದನೆಕಾಯಿಯನ್ನಷ್ಟೂ ಹೆಚ್ಚಿ ಹಾಕಿದರು. ಮನೆಮಂದಿಯೆಲ್ಲ ಎರಡು ದಿನ ಬದನೆಕಾಯಿಯನ್ನೇ ತಿಂದೆವು, ಅತ್ತೆ ಎರಡೆರಡು ರೊಟ್ಟಿ ಉಂಡರು.