ಮಕ್ಕಳನ್ನು ಒಂಟಿಯಾಗಿ ಕೂರಿಸದ ಕೆಂಬಿ

ಬೆಳಗಿನ ಆರೂವರೆ. ವಯನಾಡಿನ ಹೊಳೆದಂಡೆಯ ಪಣಿಯ ಬುಡಕಟ್ಟಿನವರ ಕಾಲೊನಿ. ಜಗಲಿಯೊಂದರಲ್ಲಿ ಕೂತು ಕೆಂಬಿ ಕರಿ ಚಹಾ ಹೀರುತ್ತಿದ್ದಾರೆ. ಮಕ್ಕಳನ್ನು ಕೂಗುವುದಿಲ್ಲ, ಅವಸರಪಡಿಸುವುದಿಲ್ಲ. ಚಾ ಕುಡಿಯೋದಕ್ಕೂ ಸಂಬಳ ಕೊಡ್ತಾರಾ ಎಂದು ಮನೆಯಜ್ಜಿ ಕೆಣಕುತ್ತಾರೆ.

"ಒಂದು ಮಗು ಹೊರಟ್ರೆ ಸಾಕಜ್ಜಿ. ಮಿಕ್ಕಿದ್ದೆಲ್ಲ ತಾವಾಗೇ ಹಿಂದೆ ಬರ್ತವೆ."

ಹಾಗೇ ಆಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಪ್ಪತ್ತಮೂರು ಮಕ್ಕಳ ಸಾಲು ಗದ್ದೆಯ ಬದು ಹಿಡಿದು ಎರಡು ಕಿಲೋಮೀಟರ್ ದೂರದ ಶಾಲೆಯತ್ತ ನಡೆಯುತ್ತದೆ.

ನಲವತ್ತಾರರ ಕೆಂಬಿ ಶಾಲೆಯಲ್ಲಿ ಸಹಾಯಕಿ. ಮಲಯಾಳಂ ಬಾರದ ಪುಟ್ಟ ಮಕ್ಕಳಿಗೆ ಪಣಿಯ ಮಾತಿನಲ್ಲಿ ಪಾಠ ದಾಟಿಸುವುದು ಅವರ ಕೆಲಸ. ಕೆಲಸ ವರ್ಷಕ್ಕೆ ಹತ್ತೇ ತಿಂಗಳು, ಪ್ರತಿ ಜೂನ್‌ನಲ್ಲೂ ಹೊಸ ಆದೇಶಕ್ಕೆ ಕಾಯಬೇಕು. ತಾವು ನಾಲ್ಕನೇ ತರಗತಿಯಲ್ಲಿದ್ದಾಗ ಮೇಷ್ಟರು ಕೇಳಿದ್ದು ಅರ್ಥವಾಗದೆ ನಿಂತಾಗ ತರಗತಿಯೆಲ್ಲ ನಕ್ಕಿತ್ತು. ಆವತ್ತು ಶಾಲೆ ಬಿಟ್ಟವರು ಹತ್ತನೆಯ ತರಗತಿ ಪಾಸು ಮಾಡಿದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ.

ಕಳೆದ ಜೂನ್‌ನಲ್ಲಿ ಎರಡನೆಯ ತರಗತಿಯ ರಜನಿ ದಿನಕ್ಕೆ ನಾಲ್ಕು ಸಲ ಎದ್ದು, ಒಂದನೆಯ ತರಗತಿಯಲ್ಲಿದ್ದ ತಂಗಿ ಮಿನ್ನುವಿನ ಬಳಿ ಹೋಗಿ ಕೂರುತ್ತಿದ್ದಳು. ಎರಡನೆಯ ತರಗತಿಯ ಆನಿಯಮ್ಮ ಟೀಚರ್ ಕೆಟ್ಟವರಲ್ಲ. ಅವರಿಗೆ ತಿಳಿದ ಮದ್ದು ಒಂದೇ: ಹುಡುಗಿಯನ್ನು ಮುಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಮೂರನೆಯ ದಿನ ರಜನಿ ಬರಲಿಲ್ಲ. ಅವಳ ಹಿಂದೆಯೇ, ವಾರದೊಳಗೆ ಒಟ್ಟು ಹನ್ನೊಂದು ಮಕ್ಕಳು ಶಾಲೆ ಬಿಟ್ಟರು.

ತರಗತಿಯಲ್ಲಿ ಶಿಸ್ತು ಬೇಡವೇ ಎಂದು ಟೀಚರ್ ಕೇಳಿದರು.

"ಬೇಕು ಟೀಚರೇ," ಎಂದರು ಕೆಂಬಿ. "ಆದ್ರೆ ನಮ್ಮ ಮನೆಗಳಲ್ಲಿ ತಪ್ಪು ಮಾಡ್ದೋರನ್ನ ಮಾತ್ರ ಒಂಟಿಯಾಗಿ ಕೂರಿಸೋದು. ತಾನೇನು ತಪ್ಪು ಮಾಡ್ದೆ ಅಂತ ಆ ಮಗು ವಾರದಿಂದ ಕೇಳ್ತಿದೆ."

ಮರುದಿನ ಆನಿಯಮ್ಮ ಬೆಂಚು ಸರಿಸಿ ಚಾಪೆ ಹಾಸಿದರು. ಎರಡೂ ತರಗತಿ ಬೆಳಗ್ಗೆ ಒಟ್ಟಿಗೆ ಕೂತವು. ಪ್ರಶ್ನೆ ಒಬ್ಬರಿಗಲ್ಲ, ಗುಂಪಿಗೆ. ಮಕ್ಕಳು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡು ಪಣಿಯದಲ್ಲಿ ಉತ್ತರ ಹೇಳಿದರೆ, ಕೆಂಬಿ ಅದಕ್ಕೆ ಮಲಯಾಳಂ ಕೂಡಿಸುತ್ತಾರೆ. ಗದ್ದಲವೆಂದು ಇಣುಕಿದ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು ನೋಡಿ ಹಿಂದಿರುಗಿದರು. ಹನ್ನೊಂದು ಮಕ್ಕಳೂ ವಾಪಸಾದರು. ಆಗಸ್ಟ್‌ನಲ್ಲೊಂದು ದಿನ ರಜನಿ ತಾನಾಗಿ ಎದ್ದು, ಗದ್ದೆಯಲ್ಲಿ ಏಡಿ ಹಿಡಿಯುವುದು ಹೇಗೆಂದು ಮಲಯಾಳಂನಲ್ಲೇ ಕೊನೆತನಕ ಹೇಳಿದಳು.

ಕ್ರಿಸ್‌ಮಸ್ ಕಳೆದು ಅವಳ ಅಪ್ಪ ಅಮ್ಮ ಕಾಫಿ ಕೊಯ್ಲಿಗೆಂದು ಕೊಡಗಿಗೆ ಹೊರಟರು, ಮಕ್ಕಳೂ ಜೊತೆಗೆ. ಕೊಯ್ಲು ಮುಗಿದರೂ ಅವರು ಮರಳಿಲ್ಲ. ಇಬ್ಬರನ್ನೂ ಅಲ್ಲೇ ಶಾಲೆಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಇದೆ. ಚಾಪೆಯ ಮೇಲೆ ಅಕ್ಕತಂಗಿಯರ ಜಾಗದಲ್ಲಿ ಯಾರೂ ಕೂರುವುದಿಲ್ಲ. ಕೂರಿರೆಂದು ಕೆಂಬಿಯೂ ಹೇಳುವುದಿಲ್ಲ. ಸಂಜೆ ಮಕ್ಕಳನ್ನು ಮನೆ ಮುಟ್ಟಿಸಿದ ಮೇಲೆ ಕೊಡಗಿನ ಬಸ್ಸು ಬರುವ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಏನಾದರೂ ಆಸೆಯಿದೆಯೇ, ಕೆಲಸ ಕಾಯಂ ಆಗಬೇಕೆ ಎಂದು ನಾನು ಕೇಳಿದರೆ ಕೆಂಬಿ ನಗುತ್ತಾರೆ. ಆಮೇಲೆ ಕೊಡಗಿನ ರಸ್ತೆಯತ್ತ ನೋಡುತ್ತಾರೆ.

"ಅಲ್ಲಿ ಇಸ್ಕೂಲಲ್ಲಿ ಕನ್ನಡ ಅಲ್ವಾ? ನೀವು ಬರೆಯೋದೂ ಕನ್ನಡದಲ್ಲೇ. ಹಾಗಿದ್ರೆ ಇಷ್ಟು ಬರೀರಿ: ರಜನಿ ಯಾವ ಭಾಷೆ ಬೇಕಾದ್ರೂ ಕಲೀತಾಳೆ. ತಂಗೀನ ಮಾತ್ರ ಪಕ್ಕದಲ್ಲೇ ಕೂರಿಸಿ."