ಬೇಯದ ಬೇಳೆ

ಆ ಬೆಳಿಗ್ಗೆಯೂ ಎಂದಿನಂತೆ ನಮ್ಮ ಮನೆ ಮುಂದಿನ ನಲ್ಲಿಯ ಕೆಳಗೆ ಕೊಡವಿಟ್ಟು, ಅದು ತುಂಬುವವರೆಗೆ ಅಂಗಳದ ಹಾಸುಗಲ್ಲು ಗುಡಿಸಿದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸತು. ಶಹಾಬಾದಿನ ನಮ್ಮ ಓಣಿಗೆ ಕಾಗಿಣಾ ಹೊಳೆಯ ನೀರು ಬೆಳಿಗ್ಗೆ ಮಾತ್ರ ಬರುತ್ತಿತ್ತು. ಪಕ್ಕದ ಮನೆಯಾಕೆಗೆ ಅದರ ಹಂಗಿರಲಿಲ್ಲ. ಆ ಬೇಸಿಗೆ ಅವರ ಹಿತ್ತಿಲಿಗೆ ಬೋರಿಂಗ್, ಅಂದರೆ ಕೊಳವೆಬಾವಿ, ಬಂದಿತ್ತು. ಅದೇ ತಿಂಗಳು ಚಿಂಚೋಳಿ ಕಡೆಯಿಂದ ಸೊಸೆಯೂ ಬಂದಿದ್ದಳು. ಆದರೂ ಆಕೆ ನಲ್ಲಿಗೆ ಬರುವುದನ್ನು ಬಿಟ್ಟಿರಲಿಲ್ಲ, ನೀರಿಗಲ್ಲ, ಮಾತಿಗೆ.

"ಈಕಿ ಬಂದಾಗಿಂದ ಒಂದಿನಾನೂ ಬ್ಯಾಳಿ ಬೆಂದಿಲ್ರಿ. ಹಲ್ಲಿಗೆ ಹರಳು ಸಿಕ್ಕಂಗ ಆಗ್ತದ. ಸಂಜಿಗಿ ಈಕಿ ಅಣ್ಣ ಬರ್ತಾನ. ಕರ್ಕೊಂಡು ಹೋಗಪಾ, ಅಡಗಿ ಕಲಿಸಿ ಕಳಸು ಅಂತೀನಿ."

ನೀರಿಗೆಂದು ಕೊಡ ಹಿಡಿದು ನಿಂತ ಓಣಿಯ ನಾಲ್ವರು ಹೆಂಗಸರೂ, "ಹೌದ್ರಿ, ಓಣಿ ತುಂಬ ಅದೇ ಮಾತು" ಎಂದು ತಲೆಯಾಡಿಸಿದರು. ಆ ನಾಲ್ವರಿಗೂ ಅದನ್ನು ಹೇಳಿದ್ದು ಈ ಅತ್ತೆಯೇ. ಬಾಯಿ ನಾಲ್ಕು, ಸಾಕ್ಷಿ ಒಂದೇ. ತೊಗರಿಯ ಸೀಮೆಯಲ್ಲಿ ಬೇಳೆ ಬೇಯಿಸಲು ಬಾರದವಳೆಂಬ ಹೆಸರು ಹೊತ್ತು ತವರಿಗೆ ಹೋದ ಹುಡುಗಿ ಯಾವಾಗ ಮರಳುತ್ತಾಳೋ, ಯಾರಿಗೆ ಗೊತ್ತು.

ನೀರು ನಿಂತ ಮೇಲೆ ಬಟ್ಟೆ ಒಗೆಯುವವಳು ಬಂದಳು. ಎರಡೂ ಮನೆಗೆ ಅವಳೇ. "ಬಾಜೂ ಮನ್ಯಾಗ ಎಂಥಾ ನಕಲಿ ಸಾಬಾಣ ತರ್ತಾರೋ ಯವ್ವಾ, ಎಷ್ಟು ತಿಕ್ಕಿದ್ರೂ ಬುರುಗೇ ಬರಂಗಿಲ್ಲ." ಸ್ವಲ್ಪ ಹೊತ್ತಿಗೆ ಕಲಾಯಿ ಹಾಕುವ ಮುದುಕ ನಮ್ಮ ಕಟ್ಟೆಯ ನೆರಳಿನಲ್ಲಿ ಕುಳಿತು ಪಕ್ಕದ ಮನೆಯವರ ಪಾತ್ರೆ ಕೆರೆಯತೊಡಗಿದ. ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿತ್ತು. "ಇದೇನ್ ಪಾತೇಲಿನೋ ಸುಣ್ಣದ ಭಟ್ಟಿನೋ? ಹಿತ್ತಾಳಿನೇ ಖರಾಬ್ ಅದಾ."

ಒಬ್ಬಳು ಸಾಬೂನನ್ನು ಬೈದಳು, ಒಬ್ಬ ಹಿತ್ತಾಳೆಯನ್ನು, ಅತ್ತೆ ಸೊಸೆಯನ್ನು. ಒಬ್ಬರ ದೂರು ಇನ್ನೊಬ್ಬರಿಗೆ ತಿಳಿಯದು, ಕೇಳಿ ಹೇಳಿದ ಮಾತಲ್ಲ; ಹಾಗಾಗಿಯೇ ನನಗೆ ಮೂರೂ ಒಂದನ್ನೇ, ಆ ಮನೆಯ ನೀರನ್ನೇ, ಹೇಳುತ್ತಿವೆ ಅನ್ನಿಸಿತು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಎರಡು ಬಾಟಲಿಗಳಲ್ಲಿ ಸಾಬೂನು ಕಲಕಿ ತೋರಿಸಿದ್ದರು. ಮೆದು ನೀರಲ್ಲಿ ನೊರೆ, ಗಡಸು ನೀರಲ್ಲಿ ಬರೀ ಮಡ್ಡಿ.

ಪಕ್ಕದ ಮನೆಯ ಅತ್ತೆ, ಸೊಸೆ ಇಬ್ಬರನ್ನೂ ನನ್ನ ಅಡುಗೆಮನೆಗೆ ಕರೆದೆ. ಅವರದೇ ಬೇಳೆ, ಎರಡು ಒಲೆ. ಸೊಸೆ ನಮ್ಮ ನಲ್ಲಿ ನೀರಿನಲ್ಲಿ ಬೇಯಿಸಿದಳು, ನಾನು ಬೋರಿಂಗ್ ನೀರಿನಲ್ಲಿ. ಅವಳದು ಬೆಣ್ಣೆಯಂತಾಯಿತು. ಮೂರು ಮಕ್ಕಳಿಗೆ ಉಣಿಸಿದ ನನ್ನ ಕೈಯ ಬೇಳೆ ಹರಳಾಗಿಯೇ ಉಳಿಯಿತು.

"ಹಂಗಾದ್ರ ನಮ್ಮ ಬೋರಿಂಗೇ ಸುಳ್ಳೇನ್ರಿ?" ಅತ್ತೆಯ ಮುಖ ಸಣ್ಣಗಾಯಿತು.

"ಸುಳ್ಳಲ್ರಿ. ಕಲ್ಲಿನೊಳಗಿಂದ ಬರೋ ನೀರು, ಗಡಸು ಅದ. ಬ್ಯಾಳಿಗೊಂದು ಕೊಡ ನಲ್ಲಿ ನೀರು ಒಯ್ರಿ."

ಸಂಜೆ ಸೊಸೆಯ ಅಣ್ಣ ಬಂದ, ಉಂಡ, ಒಬ್ಬನೇ ಚಿಂಚೋಳಿ ಬಸ್ಸು ಹತ್ತಿದ. ಕತ್ತಲಾಗುವ ಮುನ್ನ ಪಕ್ಕದಾಕೆ ಸೊಸೆ ಬೇಯಿಸಿದ ಬೇಳೆ ಒಯ್ದಿದ್ದ ನನ್ನ ಬಟ್ಟಲನ್ನು ಗೋಡೆಯ ಮೇಲಿಂದ ಮರಳಿ ಚಾಚಿದಳು.

"ಬ್ಯಾಳಿ ಬೆಂದದ ಬಿಡ್ರಿ. ಆದ್ರ ಉಪ್ಪು ಭಾಳ ಹಾಕ್ಯಾಳ."