ನಾಲ್ಕು ಸಾಲಿನ ಅರ್ಜಿ

ಮೊನ್ನೆ ಟ್ರಂಕಿನ ತಳದಿಂದ ಆ ಪುಸ್ತಕ ತೆಗೆದಾಗ ಒಣಗಿದ ಬೇವಿನೆಲೆಯ ವಾಸನೆ ಬಂತು. ಇಂಗ್ಲಿಷನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಬರೆಯುವುದು ಹೇಗೆಂದು ಹೇಳುವ ಹಳೆಯ, ತೆಳ್ಳನೆಯ ಪುಸ್ತಕ. ಹುಳ ಹತ್ತೀತೆಂಬ ಚಿಂತೆಯಿಂದ ಹಾಳೆಹಾಳೆಗೂ ಬೇವಿನೆಲೆ ಇಟ್ಟಿದ್ದೆ. ಹುಳ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.

ಕೊಟ್ಟವರು ಗದಗಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮಾಸ್ತರರು. “ಹೇಳೂದನ್ನ ಮೊದಲ ಹೇಳಬೇಕಲೇ. ಒಂದು ಮಾತು ಸಾಕಾದಲ್ಲಿ ಎರಡು ಬ್ಯಾಡ. ಇಷ್ಟಽ ಐತಿ ಇದರಾಗ” ಎಂದಿದ್ದರು. ಇಷ್ಟೇ ಇದ್ದರೆ ಓದುವುದೇಕೆ ಎಂದುಕೊಂಡೆ. ನಿಮಗೂ ನೆನಪಿರಬೇಕು, ಆಗ ನಮ್ಮ ಕಡೆ ಇಂಗ್ಲಿಷ್ ಅರ್ಜಿಯೆಂದರೆ ಮದುವೆಯ ಮೆರವಣಿಗೆ: ಮುಂದೆ ಬಾಜಾಬಜಂತ್ರಿ, ಮದುಮಗ ಎಲ್ಲೋ ಹಿಂದೆ. ಅಂಥ ಅರ್ಜಿಗೆ ಬೆಟಗೇರಿಯಲ್ಲಿ ನನ್ನ ಹೆಸರಿತ್ತು. ಹೆಸರು ಹಬ್ಬಿಸಿದವನೂ ನಾನೇ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಹಿಂದಿನ ಓಣಿಯ ನೇಕಾರ ಶಂಕ್ರಪ್ಪ ಬಂದ. “ತಮ್ಮಾ, ಅಮಾಸಿ ಒಳಗ ನೂಲು ಬರಲಿಲ್ಲಂದ್ರ ಮಗ್ಗ ನಿಂತಽ ಹೋಗತೈತಿ. ನೂಲು ಹಂಚೂ ಸರಕಾರಿ ಕಚೇರಿ ಸಾಹೇಬರಿಗೆ ಒಂದು ಭಾರಿ ಇಂಗ್ಲಿಷ್‌ನಾಗ ಬರಿಯಪಾ.”

ಭಾರಿಯಾಗಿಯೇ ಬರೆದೆ. ಸಾಹೇಬರ ಕರುಣೆ, ಕೀರ್ತಿ, ಅವರ ಮನೆತನದ ಏಳಿಗೆ, ಬೆಟಗೇರಿ ಸೀರೆಯ ಸೊಬಗು, ಹೀಗೆ ಮೂರು ಪುಟ. ನೂಲಿನ ಮಾತು ಬಂದದ್ದು ಕೊನೆಯ ಪುಟದಲ್ಲಿ, ಸಹಿಯ ಮೇಲೆ, ನಾಚುತ್ತ. ನಾನು ಗಟ್ಟಿಯಾಗಿ ಓದಿದಾಗ ಒಂದಕ್ಷರ ತಿಳಿಯದ ಶಂಕ್ರಪ್ಪ ಕಣ್ಣೊರೆಸಿಕೊಂಡ. “ಮಂತ್ರ ಕೇಳಿದಂಗಾತು ನೋಡು!”

ಅಮಾವಾಸ್ಯೆ ಕಳೆದ ಮೇಲೆ ಉತ್ತರ ಬಂತು. ತಮ್ಮ ಸದ್ಭಾವನೆಗೆ ಕಚೇರಿ ಆಭಾರಿಯಾಗಿದೆ. ಅಷ್ಟೇ. ಯಾರೋ ಮೊದಲ ಪುಟ ಓದಿ ಸುಸ್ತಾಗಿದ್ದರು. ನೂಲು ಬೇರೆಯವರಿಗೆ ಹಂಚಿ ಮುಗಿದಿತ್ತು.

ಶಂಕ್ರಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಆ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ನಿಂತ ಮಗ್ಗದ ಮೇಲೆ ತೂಗುಹಾಕಿದ. “ಸರಕಾರ ನಮಗ ಇಂಗ್ಲಿಷ್‌ನಾಗ ಉತ್ತರ ಕೊಟ್ಟೈತ್ರಿ, ಈ ತಮ್ಮ ಬರದಿದ್ದಕ್ಕ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ಮಗ್ಗ ಬಿಚ್ಚಿ ಮಾರಿ, ಆ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಊರು ಬಿಟ್ಟ. ಮುಂಡರಗಿ ಕಡೆ, ಕೊರ್ಲಹಳ್ಳಿಗೆ ಹೋದನೆಂದರು. ನಾನು ಹುಡುಕಲಿಲ್ಲ. ಸಿಕ್ಕರೆ ಕೈ ಮುಗಿದುಬಿಟ್ಟಾನೆಂಬ ಹೆದರಿಕೆ.

ಮೊನ್ನೆ ಬೇವಿನೆಲೆ ಕೊಡವಿ ಪುಸ್ತಕವನ್ನು ಕೊನೆಯವರೆಗೂ ಓದಿದೆ. ಅದರ ಒಂದು ಮಾತೂ ಹಳತಾಗಿರಲಿಲ್ಲ. ಪೆನ್ಸಿಲ್ ಹಿಡಿದು ಶಂಕ್ರಪ್ಪನ ಅರ್ಜಿ ಬರೆದೆ: ಅವನ ಹೆಸರು, ಮಗ್ಗ, ಎಷ್ಟು ನೂಲು, ಯಾವ ದಿನದೊಳಗೆ. ನಾಲ್ಕು ಸಾಲು. ಚಹಾ ಆರುವುದರೊಳಗೆ ಮುಗಿಯಿತು.

ಏನದು ಎಂದಳು ಹೆಂಡತಿ. ಕನ್ನಡದಲ್ಲಿ ಓದಿ ಹೇಳಿದೆ.

“ಇಷ್ಟಽ ಏನ್ರಿ?”

“ಇಷ್ಟಽ ಇತ್ತು” ಎಂದೆ.